ಇ-ಕಾರು, ಟ್ರೈಲರ್, ಟೆಂಟು: ಮಲೆನಾಡಿನ ಕ್ಯಾಂಪಿಂಗ್‌ಗೆ ಯೂನಿಟ್ ಲೆಕ್ಕ

ಎಲೆಕ್ಟ್ರಿಕ್ ಗಾಡಿಯ ಪರದೆಯಲ್ಲಿ "ಇನ್ನು 310 ಕಿ.ಮೀ." ಅಂತ ಕಾಣಿಸುತ್ತಲ್ಲ, ಮಲೆನಾಡಿಗೆ ಹೊರಡುವಾಗ ಆ ಅಂಕಿಯನ್ನು ನಂಬಬೇಡಿ. ಅದು ನಿನ್ನೆ ಮೊನ್ನೆ ನೀವು ಓಡಿಸಿದ ರೀತಿ ನೋಡಿ ಹೇಳುವ ಅಂದಾಜು. ಮುಂದೆ ಘಾಟಿ ಇದೆಯೋ, ಹಿಂದೆ ಟ್ರೈಲರ್ ಕಟ್ಟಿದ್ದೀರೋ, ರಾತ್ರಿ ಅದೇ ಬ್ಯಾಟರಿಯಲ್ಲಿ ಅನ್ನ ಬೇಯಿಸುತ್ತೀರೋ, ಅದಕ್ಕೆ ಗೊತ್ತಿಲ್ಲ. ಲೆಕ್ಕ ಹಾಕಬೇಕಾದ್ದು ಯೂನಿಟ್‌ನಲ್ಲಿ. ಮನೆಗೆ ಬರುವ ಕರೆಂಟ್ ಬಿಲ್ಲಿನ ಅದೇ ಯೂನಿಟ್, ಅಂದರೆ ಒಂದು ಕಿಲೋವ್ಯಾಟ್-ಅವರ್ (kWh). ಗಾಡಿ ಓಡುವುದು, ಘಾಟಿ ಹತ್ತುವುದು, ಟೀ ಕಾಯಿಸುವುದು, ಫ್ಯಾನ್ ತಿರುಗುವುದು ಎಲ್ಲವೂ ಒಂದೇ ಖಾತೆಯಿಂದ ಖರ್ಚಾಗುತ್ತದೆ. ಈ ಒಂದು ಲೆಕ್ಕ ಕೈಗೆ ಹತ್ತಿದರೆ ಸಕಲೇಶಪುರ, ಮೂಡಿಗೆರೆ, ಕಳಸದ ಯಾವ ಮೂಲೆಗಾದರೂ ಆತಂಕ ಇಲ್ಲದೆ ಹೋಗಿ ಬರಬಹುದು.

ಇದನ್ನು ಹಾಸನದಿಂದ ಹೊರಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಬೆಂಗಳೂರಿನಿಂದ ಬರುವವರು ಹಾಸನದಲ್ಲಿ ಚಾರ್ಜ್ ತುಂಬಿಸಿಕೊಂಡು ಇಲ್ಲಿಂದ ಲೆಕ್ಕ ಶುರು ಮಾಡಿದರೆ ಸರಿಹೋಗುತ್ತದೆ.

ಮೊದಲು ಗಾಡಿ: ಟ್ರೈಲರ್ ನಿಜಕ್ಕೂ ಬೇಕಾ?

ಅಮೆರಿಕದ ವಿಡಿಯೊಗಳಲ್ಲಿ ರಿವಿಯನ್, ಫೋರ್ಡ್ ಲೈಟ್ನಿಂಗ್‌ನಂಥ ಎಲೆಕ್ಟ್ರಿಕ್ ಪಿಕಪ್‌ಗಳು ಮನೆಯಷ್ಟು ದೊಡ್ಡ ಟ್ರೈಲರ್ ಎಳೆಯುವುದನ್ನು ನೋಡಿರುತ್ತೀರಿ. ಲೈಟ್ನಿಂಗ್‌ಗೆ ಕಂಪನಿ ಹೇಳಿದ್ದ ಗರಿಷ್ಠ ಎಳೆತ ಸುಮಾರು 4.5 ಟನ್, ರಿವಿಯನ್‌ಗೆ ಸುಮಾರು 5 ಟನ್. ಆದರೆ ಅಂಥ ಎತ್ತರದ ಟ್ರೈಲರ್ ಕಟ್ಟಿದಾಗ ಅವುಗಳ ರೇಂಜ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು ಅಂತ ಅಲ್ಲಿ ಓಡಿಸಿ ನೋಡಿದವರೆಲ್ಲ ಹೇಳಿದ್ದಾರೆ. ಹೆದ್ದಾರಿಯಲ್ಲಿ ಶಕ್ತಿ ತಿನ್ನುವುದು ತೂಕಕ್ಕಿಂತ ಗಾಳಿ. ಟ್ರೈಲರಿನ ಮುಂಭಾಗ ಎತ್ತರವಾಗಿ, ಚೌಕಾಗಿ ಇದ್ದಷ್ಟೂ ಖರ್ಚು ಜಾಸ್ತಿ.

ಆ ಗಾಡಿಗಳು ನಮ್ಮಲ್ಲಿ ಮಾರಾಟಕ್ಕಿಲ್ಲ. ನಮ್ಮ ಕೈಗೆ ಸಿಗುವುದು ಎರಡು ಬಗೆ. ಒಂದು, 45ರಿಂದ 79 ಯೂನಿಟ್ ಬ್ಯಾಟರಿಯ ಎಸ್‌ಯುವಿಗಳು: ನೆಕ್ಸಾನ್, ಕ್ರೆಟಾ, ಹ್ಯಾರಿಯರ್, ಮಹೀಂದ್ರಾದ ಬಿಇ 6 ಇತ್ಯಾದಿ. ಇನ್ನೊಂದು, ಏಸ್ ಇವಿಯಂಥ ಪುಟ್ಟ ಸರಕು ಗಾಡಿ. ಅದರ ಬ್ಯಾಟರಿ 21.3 ಯೂನಿಟ್. ತೋಟದ ಕೆಲಸಕ್ಕೆ ಚೆನ್ನ, ಆದರೆ ಘಾಟಿ ದಾಟಿ ಎರಡು ರಾತ್ರಿ ಕಳೆಯುವ ತಿರುಗಾಟಕ್ಕೆ ಅದರ ಬ್ಯಾಟರಿ ಚಿಕ್ಕದಾಯಿತು. ಹಿಂದಿನ ತೊಟ್ಟಿಯಲ್ಲಿ ಜನರನ್ನು ಕೂರಿಸುವ ಹಾಗೂ ಇಲ್ಲ.

ಕಾನೂನು ಸ್ವಲ್ಪ ನೋಡಿಕೊಳ್ಳಿ. ಟ್ರೈಲರ್ ಅಂದರೆ ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ ಬೇರೆಯೇ ಒಂದು ವಾಹನ. ಅದಕ್ಕೆ ಪ್ರತ್ಯೇಕ ನೋಂದಣಿ ಬೇಕು. ಗಾಡಿಯ ರಚನೆ ಬದಲಿಸುವುದಕ್ಕೆ ಅದೇ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ವೆಲ್ಡಿಂಗ್ ಶಾಪ್‌ನಲ್ಲಿ ಒಂದು ಕೊಂಡಿ ಮಾಡಿಸಿ ಚಾಸಿಗೆ ಬೆಸೆದರೆ ವಾರಂಟಿ ಹೋಗುತ್ತದೆ. ಅಪಘಾತವಾದರೆ ವಿಮೆಯವರೂ ಕೈ ಎತ್ತಬಹುದು. ಬಂಪರಿಗೆ ತಿರುಗಿಸಿ ಹಾಕುವ ಕೊಕ್ಕೆ ಕೊಟ್ಟಿರುತ್ತಾರಲ್ಲ, ಅದು ಕೆಸರಿನಿಂದ ಗಾಡಿ ಹೊರತೆಗೆಯಲು. ಟ್ರೈಲರ್ ಕಟ್ಟಲು ಅಲ್ಲ. ನಿಮ್ಮ ಗಾಡಿಯ ಕೈಪಿಡಿ ತೆಗೆದು 'ಎಳೆಯುವ ತೂಕ' ಎಷ್ಟು ಅಂತ ನೋಡಿ. ಅಂಕಿ ಇಲ್ಲ ಅಥವಾ 'ಎಳೆಯಬಾರದು' ಅಂತ ಇದೆ ಅಂದರೆ ಅಲ್ಲಿಗೆ ಮುಗಿಯಿತು.

ನನ್ನನ್ನು ಕೇಳಿದರೆ, ನಾಲ್ಕು ಜನರ ಸಂಸಾರ ಎರಡು ರಾತ್ರಿಗೆ ಹೊರಟರೆ ಟ್ರೈಲರ್ ಬೇಡ. ಸೀಟು ಮಡಚಿದರೆ ಸಾಮಾನು ಹಿಡಿಯುತ್ತದೆ. ದೊಡ್ಡ ಗುಂಪು, ಸೈಕಲ್ಲು, ಕಯಾಕ್, ಅಡುಗೆ ಸರಂಜಾಮು ಎಲ್ಲ ಇದೆ, ಗಾಡಿಗೂ ಅನುಮತಿ ಇದೆ ಅಂದಾಗ ಮಾತ್ರ ತಗ್ಗಾದ, ಹೆಗಲೆತ್ತರ ಮೀರದ, ಅರ್ಧ ಟನ್ನಿನ ಒಳಗಿನ ಟ್ರೈಲರ್ ನೋಡಿ.

ಯೂನಿಟ್ ಲೆಕ್ಕ ಹಾಕುವುದು ಹೀಗೆ

ನಿಮ್ಮ ಗಾಡಿ 100 ಕಿ.ಮೀ.ಗೆ ಎಷ್ಟು ಯೂನಿಟ್ ತಿನ್ನುತ್ತದೆ ಅನ್ನೋದನ್ನು ಟ್ರಿಪ್ ಮೀಟರಿನಲ್ಲಿ ನೋಡಿಕೊಳ್ಳಿ. ಮಧ್ಯಮ ಗಾತ್ರದ ಎಸ್‌ಯುವಿ ನಮ್ಮ ಊರುಗಳ ವೇಗದಲ್ಲಿ 15-16 ಯೂನಿಟ್ ತಿನ್ನುತ್ತದೆ. ಟ್ರೈಲರ್ ಕಟ್ಟಿದಾಗ ಎಷ್ಟಾಗುತ್ತದೆ ಅಂತ ಹಾಸನ–ಹಳೇಬೀಡು ರಸ್ತೆಯಲ್ಲಿ ಒಂದು ಬೆಳಿಗ್ಗೆ ಓಡಿಸಿ ಅಳೆಯಿರಿ. ಅಳೆಯುವ ತನಕ 26 ಅಂತ ಹಿಡಿದುಕೊಳ್ಳಿ.

ಈಗ ಒಂದು ಉದಾಹರಣೆ. ಬಳಸಲು ಸಿಗುವ ಬ್ಯಾಟರಿ 60 ಯೂನಿಟ್. ಹಾಸನದಿಂದ ಬೇಲೂರು, ಮೂಡಿಗೆರೆ ಮೇಲೆ ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ತೋಟ. ಸುಮಾರು 90 ಕಿ.ಮೀ. ಎರಡು ರಾತ್ರಿ ಅಲ್ಲೇ. ಮಧ್ಯೆ ಒಂದು ಸಂಜೆ ದೇವರಮನೆ ಬೆಟ್ಟದ ಕಡೆ ತಿರುಗಾಟ.

ಟ್ರೈಲರ್ ಇದ್ದರೆ ಹೋಗಲು 24, ಬರಲು 24, ಕ್ಯಾಂಪಿನ ಖರ್ಚು ದಿನಕ್ಕೆ 4ರಂತೆ 8, ಸಂಜೆಯ ತಿರುಗಾಟಕ್ಕೆ 4. ಕೂಡಿದರೆ ಸರಿಯಾಗಿ 60. ಕಾಗದದ ಮೇಲೆ ಸರಿಹೋಯಿತು ಅಲ್ವಾ? ಇಲ್ಲ. ಐದನೇ ಒಂದು ಭಾಗ, ಅಂದರೆ 12 ಯೂನಿಟ್, ಮುಟ್ಟದ ಗಂಟು. ಮರ ಬಿದ್ದು ರಸ್ತೆ ಬಂದ್ ಆದರೆ ಸುತ್ತಿ ಬರಲು, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಮೂಡಿಗೆರೆ ಆಸ್ಪತ್ರೆಗೆ ಓಡಲು ಅದು ಬೇಕು. ಹಾಗಾಗಿ ತೋಟದಲ್ಲೇ ಕನಿಷ್ಠ 12 ಯೂನಿಟ್ ತುಂಬಿಸಬೇಕು. 3 ಕಿಲೋವ್ಯಾಟಿನ ಪ್ಲಗ್‌ನಲ್ಲಿ ಸೋರಿಕೆ ಸೇರಿ ನಾಲ್ಕೂವರೆ ತಾಸು. ಒಂದು ರಾತ್ರಿ ಕರೆಂಟು ಇದ್ದರೆ ಸಾಕು.

ಅದೇ ಪ್ರವಾಸ ಟ್ರೈಲರ್ ಇಲ್ಲದೆ ಮಾಡಿದರೆ? ಹೋಗಿ ಬರಲು 29, ಉಳಿದದ್ದು 12. ಒಟ್ಟು 41. ಒಂದು ಯೂನಿಟ್ ಚಾರ್ಜ್ ಮಾಡದೆ ಮನೆ ಸೇರಿದಾಗಲೂ 19 ಉಳಿದಿರುತ್ತದೆ. ಟ್ರೈಲರ್ ಬೇಡ ಅಂತ ಮೇಲೆ ಹೇಳಿದ್ದು ಇದಕ್ಕೇ.

ಹಾಸನ, ಮೂಡಿಗೆರೆ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿರುವುದರಿಂದ ಇಲ್ಲಿ ಏರು ಲೆಕ್ಕಕ್ಕೆ ಬರಲಿಲ್ಲ. ಗಿರಿಯ ಕಡೆ ಹೋದರೆ ಬರುತ್ತದೆ. ನೆನಪಿಟ್ಟುಕೊಳ್ಳಲು ಸುಲಭದ ಸೂತ್ರ: ಒಂದು ಟನ್ ತೂಕವನ್ನು 100 ಮೀಟರ್ ಮೇಲೆತ್ತಲು 0.27 ಯೂನಿಟ್. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಮುಳ್ಳಯ್ಯನಗಿರಿಯ ತುದಿ 1,930. ಪೇಟೆಯಿಂದ 600 ಮೀಟರ್ ಏರುವ ಜಾಗಕ್ಕೆ ಜನ, ಸಾಮಾನು ಸೇರಿ 2.2 ಟನ್ ತೂಗುವ ಗಾಡಿ ಒಯ್ದರೆ 2.2 × 6 × 0.27, ಅಂದರೆ ಮೂರೂವರೆ ಯೂನಿಟ್ ಚಿಲ್ಲರೆ. ಮೋಟರಿನ ನಷ್ಟ ಸೇರಿಸಿ 4 ಅನ್ನಿ. ಇದು ದೂರದ ಖರ್ಚಿನ ಮೇಲೆ ಹೆಚ್ಚುವರಿ. ಇಳಿಯುವಾಗ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ಯಾಟರಿಗೆ ವಾಪಸ್ ಬರುತ್ತದೆ. ಡೀಸೆಲ್ ಗಾಡಿಗೆ ಈ ಭಾಗ್ಯ ಇಲ್ಲ.

ಇಳಿಜಾರಿನ ಈ ಗಳಿಕೆಗೆ ಒಂದು ಷರತ್ತಿದೆ. ಬ್ಯಾಟರಿಯಲ್ಲಿ ಜಾಗ ಇರಬೇಕು. ಕೊಟ್ಟಿಗೆಹಾರದಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ 100% ತುಂಬಿಸಿಕೊಂಡು ಚಾರ್ಮಾಡಿ ಇಳಿಯಲು ಹೊರಟರೆ ಬ್ಯಾಟರಿ ಏನನ್ನೂ ತೆಗೆದುಕೊಳ್ಳುವುದಿಲ್ಲ. ಆಕ್ಸಿಲರೇಟರ್ ಬಿಟ್ಟಾಗ ಗಾಡಿ ತಾನಾಗಿ ನಿಧಾನವಾಗುವ ಆ ಹಿಡಿತ ಇರುವುದಿಲ್ಲ. ಇಡೀ ಭಾರ ಬ್ರೇಕಿನ ಮೇಲೆ. ಹಿಂದೆ ಟ್ರೈಲರ್ ತಳ್ಳುತ್ತಿದ್ದರೆ ಇದು ಅಪಾಯ. ಘಾಟಿಯ ನೆತ್ತಿಯಲ್ಲಿ ತಂಗುವವರು 85ಕ್ಕೆ ನಿಲ್ಲಿಸಿ.

ಟೆಂಟು ಎಲ್ಲಿ ಹಾಕಬಹುದು, ಎಲ್ಲಿ ಬೇಡ

ಕಾಡೊಳಗೆ ಎಲ್ಲಂದರಲ್ಲಿ ಟೆಂಟು ಹಾಕುವುದು ನಮ್ಮಲ್ಲಿ ಇಲ್ಲ. ಭದ್ರಾ ಹುಲಿ ಸಂರಕ್ಷಿತ ಪ್ರದೇಶ, ಕುದುರೆಮುಖ ರಾಷ್ಟ್ರೀಯ ಉದ್ಯಾನ, ಮೀಸಲು ಅರಣ್ಯ, ಯಾವುದರಲ್ಲೂ ಇಲಾಖೆಯ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಯ ಹುಲ್ಲುಗಾವಲಲ್ಲೂ ಅಷ್ಟೇ. ಆ ಕಡೆ ಹಗಲು ಹೋಗುವುದಕ್ಕೂ ವಾಹನಗಳಿಗೆ ಮಿತಿ ಇದೆ. ಹೊರಡುವ ಮುನ್ನ ಜಿಲ್ಲಾಡಳಿತದ ಸೂಚನೆ ನೋಡಿಕೊಳ್ಳಿ. ಆ ಕಿರಿದಾದ ತಿರುವುಗಳಿಗೆ ಟ್ರೈಲರ್ ಅಂತೂ ಬೇಡವೇ ಬೇಡ. ಹೇಮಾವತಿ ಹಿನ್ನೀರಿನ ಶೆಟ್ಟಿಹಳ್ಳಿ ಚರ್ಚ್ ನೋಡಲು ಚೆಂದ, ಆದರೆ ನೋಡಿಕೊಂಡು ಬರುವ ಜಾಗ, ಮಲಗುವ ಜಾಗ ಅಲ್ಲ. ನೀರಿನ ಮಟ್ಟ ಏರಿಳಿಯುವ ದಡದ ಜೇಡಿಮಣ್ಣು ಮೇಲೆ ಒಣಗಿದಂತೆ ಕಂಡರೂ ಎರಡು ಟನ್ನಿನ ಗಾಡಿಯನ್ನು ಹೊರುವುದಿಲ್ಲ.

ಉಳಿದದ್ದು ಖಾಸಗಿ ತೋಟ, ಟೆಂಟಿಗೆ ಜಾಗ ಕೊಡುವ ಹೋಂಸ್ಟೇ. ಇ-ಗಾಡಿಯವರಿಗೆ ಇದು ಒಳ್ಳೆಯದೇ ಆಯಿತು. ತೋಟ ಇದ್ದಲ್ಲಿ ಮನೆ ಇರುತ್ತದೆ, ಮನೆ ಇದ್ದಲ್ಲಿ ಕರೆಂಟು. ಲಕ್ಕವಳ್ಳಿಯ ಹಿನ್ನೀರು ಬೇಕೇ ಬೇಕು ಅನ್ನುವವರಿಗೆ ಜಂಗಲ್ ಲಾಡ್ಜಸ್‌ನ ರಿವರ್ ಟರ್ನ್ ಲಾಡ್ಜ್ ಇದೆ. ಅದು ಟೆಂಟಿನ ಖರ್ಚಲ್ಲ, ಅಷ್ಟೇ.

ಕಾಲ: ಅಕ್ಟೋಬರ್ ಕೊನೆಯಿಂದ ಫೆಬ್ರುವರಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಟ್ರೈಲರ್ ಮನೆಯಲ್ಲೇ ಇರಲಿ. ಶಿರಾಡಿ, ಚಾರ್ಮಾಡಿ ಎರಡೂ ಘಾಟಿಗಳಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲಿಸುವುದು ಮಳೆಗಾಲದಲ್ಲಿ ಹೊಸತಲ್ಲ.

ಫೋನ್ ಮಾಡಿ ಕೇಳಬೇಕಾದ್ದು

ಇಡೀ ತಯಾರಿಯಲ್ಲಿ ಇದಕ್ಕೇ ಜಾಸ್ತಿ ಹೊತ್ತು ಕೊಡಿ. ಸುಮ್ನೆ "ಗೌಡ್ರೇ, ಗಾಡಿ ಚಾರ್ಜ್ ಮಾಡ್ಕೋಬಹುದಾ?" ಅಂತ ಕೇಳಿದರೆ, "ಅದಕ್ಕೇನು ಸಾರ್, ಬನ್ನಿ, ಪ್ಲಗ್ಗು ಬೇಕಾದಷ್ಟಿದೆ" ಅನ್ನುತ್ತಾರೆ. ಅವರ ಕಣ್ಣ ಮುಂದೆ ಇರುವುದು ಮೊಬೈಲ್ ಚಾರ್ಜರ್. ಮಲೆನಾಡಿನವರು ಇಲ್ಲ ಅನ್ನುವವರಲ್ಲ. ಹಾಗಾಗಿ ಬಿಡಿಸಿ ಕೇಳಬೇಕು.

"ಗೀಸರ್ ಹಾಕೋ ದೊಡ್ಡ ಪ್ಲಗ್ಗು ಎಲ್ಲಿದೆ, ಗಾಡಿ ಅಲ್ಲಿಗೆ ಎಷ್ಟು ಹತ್ತಿರ ಬರುತ್ತೆ?" ಗಾಡಿ ಜೊತೆ ಕೊಡುವ ಚಾರ್ಜರಿಗೆ 16 ಆಂಪಿಯರಿನ ಪಾಯಿಂಟ್ ಬೇಕು. ಸಾಮಾನ್ಯವಾಗಿ ಅದು ಬಚ್ಚಲಲ್ಲೋ ಅಡುಗೆಮನೆಯಲ್ಲೋ ಇರುತ್ತದೆ. ಕಾಫಿ ಪಲ್ಪರ್ ಇಟ್ಟಿರುವ ಶೆಡ್ಡಿನಲ್ಲಿ ಇದ್ದರೆ ಇನ್ನೂ ಚೆನ್ನ. ಅಲ್ಲಿನ ವೈರ್ ದಪ್ಪ ಇರುತ್ತದೆ, ಗಾಡಿಯೂ ಅಂಗಳದ ತನಕ ಹೋಗುತ್ತದೆ.

"ಅದು ಯುಪಿಎಸ್ ಲೈನ್ ಅಲ್ಲ ತಾನೇ?" ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಹೋಗುವ ಊರುಗಳು. ಮನೆಮನೆಯಲ್ಲೂ ಯುಪಿಎಸ್ ಇದೆ. ಆ ಲೈನಿಗೆ ಗಾಡಿ ಹಾಕಿದರೆ ಕರೆಂಟ್ ಹೋದ ಮರುಕ್ಷಣ ಯುಪಿಎಸ್ ಕೂಗಿಕೊಂಡು ನಿಲ್ಲುತ್ತದೆ, ಮನೆಯವರ ದೀಪವೂ ಹೋಗುತ್ತದೆ.

"ಅರ್ಥಿಂಗ್ ಸರಿ ಇದ್ಯಾ?" ಅರ್ಥಿಂಗ್ ಸಿಗದಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ಸುಮ್ಮನಾಗುತ್ತದೆ. ಹಳೇ ಮನೆಗಳಲ್ಲಿ ಮೂರನೇ ತೂತು ಹೆಸರಿಗೆ ಮಾತ್ರ ಇರುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ್ದರೆ ಒಂದೆರಡು ಬಿಂದಿಗೆ ನೀರು ಹೊಯ್ದ ಮೇಲೆ ಸರಿಹೋಗುವುದೂ ಉಂಟು. ಅರ್ಥಿಂಗ್ ಇದೆ ಅಂತ ಚಾರ್ಜರಿಗೆ ಸುಳ್ಳು ಹೇಳುವ ಅಡಾಪ್ಟರುಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಒದ್ದೆ ನೆಲದಲ್ಲಿ ನಿಂತು ಗಾಡಿ ಮುಟ್ಟುವವರು ನಿಮ್ಮ ಮಕ್ಕಳು ಅನ್ನೋದು ನೆನಪಿರಲಿ. ಅವನ್ನು ಕೊಳ್ಳಬೇಡಿ.

"ಪಂಪ್‌ಸೆಟ್ ಯಾವಾಗ ಓಡಿಸ್ತೀರಿ?" ಫೆಬ್ರುವರಿ, ಮಾರ್ಚ್‌ನಲ್ಲಿ ಹೂ ಬರಿಸಲು ಕಾಫಿಗೆ ಸ್ಪ್ರಿಂಕ್ಲರ್ ನೀರು ಕೊಡುವ ಕಾಲ. ಸುತ್ತಲಿನ ತೋಟಗಳ ಮೋಟರೆಲ್ಲ ಒಟ್ಟಿಗೆ ಓಡಿದರೆ ವೋಲ್ಟೇಜ್ ಬೀಳುತ್ತದೆ. 230 ಇರಬೇಕಾದ್ದು 190ಕ್ಕೆ ಇಳಿದರೆ, ಗಂಟೆಗೆ 3.3 ಯೂನಿಟ್ ತುಂಬಬೇಕಾದ ಕಡೆ 2.7 ತುಂಬುತ್ತದೆ. ಇನ್ನೂ ಇಳಿದರೆ ಚಾರ್ಜಿಂಗ್ ನಿಂತೇ ಹೋಗುತ್ತದೆ. ರಾತ್ರಿ ಹತ್ತರ ಮೇಲೆ ಬೆಳಗಿನ ಜಾವದ ತನಕ ಒಳ್ಳೆಯ ಹೊತ್ತು.

ಜನರೇಟರ್ ಇದೆ ಅಂದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸಣ್ಣ ಜನರೇಟರಿನಲ್ಲಿ ಅರ್ಥಿಂಗ್ ಸರಿಯಾಗಿ ಜೋಡಿಸಿರುವುದಿಲ್ಲ, ಹೆಚ್ಚಿನ ಚಾರ್ಜರುಗಳು ಅದನ್ನು ಒಪ್ಪುವುದೇ ಇಲ್ಲ.

ಕೊನೆಯದು ದುಡ್ಡಿನ ಮಾತು. ಅದನ್ನು ನೀವೇ ಎತ್ತಿ. ಎಷ್ಟು ಯೂನಿಟ್ ಹೋಯಿತು ಅಂತ ಗಾಡಿಯಲ್ಲೇ ತೋರಿಸುತ್ತದೆ, ಸೋರಿಕೆಗೆ ಹತ್ತನೇ ಒಂದು ಭಾಗ ಸೇರಿಸಿ ಕೊಡುತ್ತೇನೆ ಅನ್ನಿ. "ಅಯ್ಯೋ ಬಿಡಿ ಸಾರ್" ಅಂದರೂ ಕೊಟ್ಟೇ ಬನ್ನಿ. ನಿಮ್ಮ ನಂತರ ಬರುವ ಇ-ಗಾಡಿಯವರಿಗೆ ಅದೇ ಪ್ಲಗ್ ತೆರೆದಿರಬೇಕಲ್ಲ.

ಪ್ಲಗ್ ಹಾಕುವಾಗ

ಮೊದಲು ಸಾಕೆಟ್ಟಿನ ಮುಖ ನೋಡಿ. ತೂತಿನ ಸುತ್ತ ಕಂದು ಕಲೆ ಇದ್ದರೆ, ಪಿನ್ ಸಡಿಲವಾಗಿ ಕೂತರೆ ಬೇರೆ ಪಾಯಿಂಟ್ ಹುಡುಕಿ. ಚಾರ್ಜಿಂಗ್ ಶುರುವಾಗಿ ಅರ್ಧ ಗಂಟೆಗೆ ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಪ್ಲಗ್ಗಿನ ಪ್ಲಾಸ್ಟಿಕ್ಕನ್ನು ಅಂಗೈ ಹಿಂಬದಿಯಿಂದ ಮುಟ್ಟಿ. ಬೆಚ್ಚಗಿದ್ದರೆ ಪರವಾಗಿಲ್ಲ. ಕೈ ಹಿಂದೆಗೆಯುವಷ್ಟು ಬಿಸಿ ಇದ್ದರೆ ಗಾಡಿಯ ಸೆಟ್ಟಿಂಗ್‌ನಲ್ಲಿ ಕರೆಂಟನ್ನು 10 ಆಂಪಿಯರಿಗೆ ಇಳಿಸಿ. ನಿಧಾನ ಆಗುತ್ತದೆ, ಆಗಲಿ. ರಾತ್ರಿಯಿಡೀ ಇದೆಯಲ್ಲ. ಮಲಗುವ ಮುಂಚೆ ಇನ್ನೊಂದು ಸಲ ಮುಟ್ಟಿ ನೋಡಿ.

ಎಕ್ಸ್‌ಟೆನ್ಷನ್ ವೈರ್ ಬೇಕಾದರೆ ಮನೆಯಿಂದಲೇ ಒಯ್ಯಿರಿ. ತಾಮ್ರದ್ದು, ಮೂರು ಎಳೆಯದು, 2.5 ಚದರ ಮಿ.ಮೀ. ದಪ್ಪಕ್ಕೆ ಕಡಿಮೆ ಇಲ್ಲದ್ದು. 30 ಮೀಟರ್ ಎಳೆಯಬೇಕು ಅಂದರೆ 4 ಚದರ ಮಿ.ಮೀ.ದು ತಗೊಳ್ಳಿ. ಮದುವೆ ಮನೆ ಸೀರಿಯಲ್ ಸೆಟ್ಟಿಗೆ ಬಳಸುವ ತೆಳು ವೈರು ಅಷ್ಟು ದೂರಕ್ಕೆ ಇನ್ನೂರು ವ್ಯಾಟಿನಷ್ಟು ಬರೀ ಬಿಸಿಯಾಗಿ ಕಳೆಯುತ್ತದೆ. ಇನ್ನೊಂದು ಮುಖ್ಯ ಸಂಗತಿ: ರೀಲಿನಲ್ಲಿ ಸುತ್ತಿದ ವೈರನ್ನು ಬೇಕಾದಷ್ಟೇ ಬಿಚ್ಚಿ ಉಳಿದದ್ದನ್ನು ಸುತ್ತಿಯೇ ಬಿಡುವ ಅಭ್ಯಾಸ ನಮ್ಮದು. ಚಾರ್ಜಿಂಗ್‌ಗೆ ಅದು ಆಗದು. ಸುತ್ತಿದ ಕಡೆ ಬಿಸಿ ಹೊರಗೆ ಹೋಗಲಾರದೆ ಒಳಗಿನ ಸುತ್ತುಗಳು ಕರಗುತ್ತವೆ. ಪೂರ್ತಿ ಬಿಚ್ಚಿ ನೆಲದ ಮೇಲೆ ಹರಡಿ. ಜೋಡಣೆಯ ಜಾಗವನ್ನು ಕಲ್ಲಿನ ಮೇಲೆ ಎತ್ತಿಟ್ಟು ಒಂದು ಬಕೆಟ್ ಬೋರಲು ಹಾಕಿ, ಇಬ್ಬನಿಗೂ ಮಳೆಗೂ ಆಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಶುರುವಾದರೆ ಕಿತ್ತುಬಿಡಿ.

ಟ್ರೈಲರ್ ತುಂಬುವುದು, ಓಡಿಸುವುದು

ಭಾರ ಅಚ್ಚಿನ ಮುಂದಕ್ಕೆ ಸ್ವಲ್ಪ ಜಾಸ್ತಿ ಇರಬೇಕು. ನೀರಿನ ಕ್ಯಾನ್, ಅಡುಗೆ ಡಬ್ಬ ಮುಂದೆ, ಹಾಸಿಗೆ, ಟೆಂಟು ಹಿಂದೆ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕೊಂಡಿಯ ಮೇಲೆ ಕೂರಬೇಕು. ಅಳೆಯುವುದು ಸುಲಭ. ಮನೆಯಲ್ಲಿ ತೂಕ ನೋಡುವ ಯಂತ್ರ ಇರುತ್ತಲ್ಲ, ಅದರ ಮೇಲೆ ಮರದ ತುಂಡು ನಿಲ್ಲಿಸಿ ಟ್ರೈಲರಿನ ಮೂತಿಯನ್ನು ಅದರ ಮೇಲೆ ಇಳಿಸಿ. 400 ಕೆ.ಜಿ. ಟ್ರೈಲರಿಗೆ 40 ಕೆ.ಜಿ. ಹತ್ತಿರ ತೋರಿಸಬೇಕು. 15 ತೋರಿಸಿದರೆ ಹಿಂಭಾರ ಆಗಿದೆ, ಹೆದ್ದಾರಿಯಲ್ಲಿ ಬಾಲ ಬೀಸಲು ಶುರು ಮಾಡುತ್ತದೆ. ಗಾಡಿಯ ಕೈಪಿಡಿ ಕೊಂಡಿಗೆ ಬೇರೆ ಮಿತಿ ಹೇಳಿದ್ದರೆ ಅದೇ ಕೊನೆಯ ಮಾತು. ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕಿ. ದೀಪ, ಇಂಡಿಕೇಟರ್, ಟೈರಿನ ಗಾಳಿ ನೋಡಿ.

ರಸ್ತೆಯಲ್ಲಿ 60ರ ಮೇಲೆ ಹೋಗಬೇಡಿ. 80ಕ್ಕೆ ಏರಿಸಿದರೆ ಗಾಳಿಯ ತಡೆ ಮುಕ್ಕಾಲು ಪಾಲು ಹೆಚ್ಚುತ್ತದೆ. ಟ್ರೈಲರ್ ಓಲಾಡಲು ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ಹೋಗಬೇಡಿ. ನೇರ ಹಿಡಿದು ಆಕ್ಸಿಲರೇಟರನ್ನು ಮೆಲ್ಲಗೆ ಬಿಡಿ.

ಆಕ್ಸಿಲರೇಟರ್ ಬಿಟ್ಟಾಗ ಗಾಡಿಯನ್ನು ಹಿಡಿದು ಬ್ಯಾಟರಿ ತುಂಬುವ ವ್ಯವಸ್ಥೆಗೆ ರೀಜೆನ್ ಅನ್ನುತ್ತಾರೆ. ಘಾಟಿ ಇಳಿಯುವಾಗ ಅದನ್ನು ಜಾಸ್ತಿ ಇಟ್ಟರೆ ಬ್ರೇಕಿಗೆ ಆರಾಮ. ಆದರೆ ತೋಟದ ಕೆಂಪು ಮಣ್ಣಿನ ಇಳಿಜಾರು ಒದ್ದೆಯಾಗಿದ್ದರೆ ಉಲ್ಟಾ. ರೀಜೆನ್ ಚಕ್ರವನ್ನು ತಟ್ಟನೆ ಹಿಡಿದು ಗಾಡಿ ಜಾರುತ್ತದೆ. ಅಲ್ಲಿ ಕಡಿಮೆ ಮಾಡಿ ಪಾದದಿಂದಲೇ ಮೆತ್ತಗೆ ಬ್ರೇಕ್ ಕೊಡಿ. ಏರುವಾಗಲೂ ಅಷ್ಟೇ. ಎಲೆಕ್ಟ್ರಿಕ್ ಮೋಟರಿನ ಬಲ ಒಮ್ಮೆಲೇ ಬರುತ್ತದೆ, ಕೆಸರಿನಲ್ಲಿ ಚಕ್ರ ಅಲ್ಲೇ ತಿರುಗಿ ಗುಂಡಿ ತೋಡುತ್ತದೆ. ಇಕೋ ಮೋಡ್‌ಗೆ ಹಾಕಿ.

ತೋಟದ ಗೇಟಿನಿಂದ ಮನೆಯ ತನಕದ ಜೀಪ್ ದಾರಿಯನ್ನು ಮೊದಲು ನಡೆದು ನೋಡಿ. ಎರಡು ಚಕ್ರದ ಹಳ್ಳ, ನಡುವೆ ಉಬ್ಬು, ಉಬ್ಬಿನಲ್ಲೊಂದು ಕಲ್ಲಿನ ಮೂತಿ. ಇ-ಗಾಡಿಯ ಹೊಟ್ಟೆಯಡಿ ಇರುವುದು ಇಡೀ ಗಾಡಿಯ ಅತ್ಯಂತ ದುಬಾರಿ ಭಾಗ. ಸಂಶಯ ಬಂದರೆ ಟ್ರೈಲರನ್ನು ಗೇಟಿನಲ್ಲೇ ಬಿಟ್ಟು, ಗಾಲಿಗೆ ಕಲ್ಲು ಕೊಟ್ಟು, ತೋಟದ ಪಿಕಪ್‌ನಲ್ಲಿ ಸಾಮಾನು ಸಾಗಿಸಿ.

ದಾರಿಯ ಫಾಸ್ಟ್ ಚಾರ್ಜರುಗಳ ಬಗ್ಗೆ ಒಂದೇ ಮಾತು. ಅವುಗಳ ಜಾಗ ಮಾಡಿರುವುದು ಕಾರು ಮೂತಿ ಹಾಕಿ ನಿಲ್ಲುವುದಕ್ಕೆ. ಟ್ರೈಲರ್ ಬಿಚ್ಚಿ ಪಕ್ಕಕ್ಕಿಡದೆ ಕೇಬಲ್ ಮುಟ್ಟುವುದಿಲ್ಲ. ಹಾಗಾಗಿ ಹಾಸನದಲ್ಲಿ, ಚಿಕ್ಕಮಗಳೂರಿನಲ್ಲಿ ಜಾಗ ದೊಡ್ಡದಿರುವ ಕಡೆಯೇ ಮುಗಿಸಿಕೊಳ್ಳಿ. ನೆಟ್‌ವರ್ಕ್ ಇಲ್ಲದ ಕಡೆ ಆ್ಯಪ್ ತೆರೆಯುವುದಿಲ್ಲ, ದುಡ್ಡೂ ಹೋಗುವುದಿಲ್ಲ. ಮ್ಯಾಪ್ ಮೊದಲೇ ಇಳಿಸಿಟ್ಟುಕೊಳ್ಳಿ.

ಕ್ಯಾಂಪಿನಲ್ಲಿ ಯೂನಿಟ್ ಎಲ್ಲಿ ಹೋಗುತ್ತದೆ

ವಿ2ಎಲ್ (ಗಾಡಿಯ ಬ್ಯಾಟರಿಯಿಂದ ಹೊರಗಿನ ಉಪಕರಣಕ್ಕೆ ಕರೆಂಟು ಕೊಡುವ) ಸೌಲಭ್ಯ ಇರುವ ಗಾಡಿಯಾದರೆ ಒಂದು ಅಡಾಪ್ಟರ್ ಹಾಕಿ ಮನೆಯ ಪ್ಲಗ್ಗಿನಂತೆ ಕರೆಂಟು ತೆಗೆಯಬಹುದು, ಸಾಮಾನ್ಯವಾಗಿ 3 ಕಿಲೋವ್ಯಾಟಿನ ಆಸುಪಾಸು. ಇಂಡಕ್ಷನ್ ಒಲೆ, ರೈಸ್ ಕುಕ್ಕರ್ ಎರಡೂ ಒಟ್ಟಿಗೆ ಹಾಕಬಹುದು, ಮೂರನೆಯದು ಬೇಡ.

ಒಂದು ಲೀಟರ್ ನೀರು ಕುದಿಸಲು 0.1 ಯೂನಿಟ್. ನಾಲ್ಕು ಜನರ ಮೂರು ಹೊತ್ತಿನ ಅಡುಗೆ, ಕಾಫಿ ಸೇರಿ ಎರಡರಿಂದ ಎರಡೂವರೆ. ಸಣ್ಣ ಫ್ರಿಜ್ ದಿನಕ್ಕೆ ಅರ್ಧ ಯೂನಿಟ್. ದೀಪ, ಫೋನು ಲೆಕ್ಕಕ್ಕೇ ಇಲ್ಲ. ಕಾಣದ ಖರ್ಚು ಒಂದಿದೆ. ವಿ2ಎಲ್ ಹಾಕಿಟ್ಟಷ್ಟು ಹೊತ್ತೂ ಗಾಡಿಯ ಒಳಗಿನ ವ್ಯವಸ್ಥೆಯೆಲ್ಲ ಎಚ್ಚರ ಇರುತ್ತದೆ, ಏನೂ ಬಳಸದಿದ್ದರೂ ಯೂನಿಟ್ ಸೋರುತ್ತದೆ. ರಾತ್ರಿ ಎರಡು ಎಲ್ಇಡಿ ದೀಪಕ್ಕಾಗಿ ಅದನ್ನು ಚಾಲೂ ಇಡಬೇಡಿ. ಚಾರ್ಜ್ ಮಾಡುವ ದೀಪ ಒಯ್ಯಿರಿ.

ಬಿಸಿನೀರಿನ ಸ್ನಾನ ಒಬ್ಬರಿಗೆ ಒಂದು ಬಕೆಟ್ ಅಂದರೂ ಅರ್ಧ ಯೂನಿಟ್ ಮೇಲೆ. ನಾಲ್ವರಿಗೆ ಎರಡು ಯೂನಿಟ್ ದಾಟುತ್ತದೆ, ಅಂದರೆ ಇಡೀ ದಿನದ ಅಡುಗೆಯಷ್ಟು. ತೋಟದ ಮನೆಯ ಬಚ್ಚಲಲ್ಲಿ ಹಂಡೆ ಒಲೆ ಉರಿಯುತ್ತಲೇ ಇರುತ್ತದೆ. ಅಲ್ಲಿ ಎರಡು ಬಕೆಟ್ ಕೇಳಿ, ಆ ಸುಖ ಯಾವ ಗೀಸರಿನಲ್ಲೂ ಇಲ್ಲ. ಎಸಿಯ ಮಾತೇ ಬೇಡ, ಡಿಸೆಂಬರಿನಲ್ಲಿ ಕಂಬಳಿ ಸಾಲದು ಇಲ್ಲಿ. ಹಿಮ ಬೀಳುವ ದೇಶಗಳಲ್ಲಿ ಚಳಿಗೆ ರೇಂಜ್ ಬಹಳ ಕುಸಿಯುತ್ತದೆ. ನಮ್ಮ ಚಳಿಗೆ ಹಾಗೇನೂ ಆಗದು.

ಒಂದು ಸಣ್ಣ ಎಚ್ಚರಿಕೆ. ಇ-ಗಾಡಿಯಲ್ಲೂ 12 ವೋಲ್ಟಿನ ಪುಟ್ಟ ಬ್ಯಾಟರಿ ಇರುತ್ತದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ, ಬಾಗಿಲೂ ತೆರೆಯದೇ ಇರಬಹುದು. ಜಂಪ್ ಸ್ಟಾರ್ಟರನ್ನು ಗಾಡಿಯ ಒಳಗಲ್ಲ, ಟೆಂಟಿನಲ್ಲಿ ಇಡಿ.

ಆನೆ, ಇಂಬಳ, ಉಣುಗು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆ ಓಡಾಟ ಇದೆ. ಹೊರಡುವ ಮುನ್ನ, ತಲುಪಿದ ಮೇಲೆ, ಸಂಜೆ, ಮೂರು ಸಲವೂ "ಆನೆ ಎಲ್ಲಿದೆ?" ಅಂತ ಕೇಳಿ. ತೋಟದವರಿಗೆ ಗೊತ್ತಿರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ನಂಬರೂ ಅವರ ಬಳಿ ಇರುತ್ತದೆ. ಇ-ಗಾಡಿಗೆ ಇಲ್ಲೊಂದು ವಿಶೇಷ ತೊಂದರೆ. ಡೀಸೆಲ್ ಜೀಪಿನ ಸದ್ದು ಆನೆಗೆ ದೂರದಿಂದಲೇ ಗೊತ್ತಾಗುತ್ತದೆ, ಸರಿಯುತ್ತದೆ. ನಿಮ್ಮ ಗಾಡಿ ಸದ್ದಿಲ್ಲದೆ ತಿರುವಿನಲ್ಲಿ ಎದುರಾದರೆ ಇಬ್ಬರಿಗೂ ಗಾಬರಿ. ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಓಡಾಡಬೇಡಿ. ಎದುರಾದರೆ ಹಾರನ್ ಬೇಡ, ಹೈ ಬೀಮ್ ಬೇಡ, ನಿಂತು ಹಿಂದಕ್ಕೆ ಸರಿಯಿರಿ. ಟ್ರೈಲರ್ ಇದ್ದರೆ ಹಾಗೆ ಹಿಂದೆ ಹೋಗಲು ಆಗುವುದಿಲ್ಲ ಅನ್ನೋದನ್ನೂ ಯೋಚಿಸಿ.

ಟೆಂಟನ್ನು ಹಲಸಿನ ಮರದಡಿ, ಬೈನೆ ಮರದ ಹತ್ತಿರ ಹಾಕಬೇಡಿ. ಎರಡೂ ಆನೆಗೆ ಪ್ರೀತಿ. ಮನೆಯ ಅಂಗಳಕ್ಕೆ, ಕಣಕ್ಕೆ ಹತ್ತಿರ ಹಾಕಿ. ಕಾಫಿ ಕೊಯ್ಲಿನ ಕಾಲದಲ್ಲಿ ಕಣದಲ್ಲಿ ಹಣ್ಣು ಒಣಗುತ್ತಿರುತ್ತದೆ, ಅದರ ಮೇಲೆ ಗಾಡಿ ಹತ್ತಿಸದ ಹಾಗೆ ಜಾಗ ಕೇಳಿಕೊಳ್ಳಿ.

ಇಂಬಳ (ಜಿಗಣೆ) ಮಳೆಗಾಲದ ಕಾಟ, ಕಾಲುಚೀಲಕ್ಕೆ ನಶ್ಯದ ಪುಡಿಯೋ ಸುಣ್ಣವೋ ಸಾಕು. ಚಳಿಗಾಲ, ಬೇಸಿಗೆಯ ಉಣುಗು (ಉಣ್ಣೆ ಹುಳ) ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಹೋಗುವವರು ಆ ವರ್ಷ ಕಾಯಿಲೆ ಕಾಣಿಸಿದೆಯಾ ಅಂತ ಕೇಳಿಕೊಳ್ಳಿ. ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಹಚ್ಚಿ, ಒಣ ಎಲೆಯ ಮೇಲೆ ಕೂರಬೇಡಿ, ಸಂಜೆ ಮೈ ನೋಡಿಕೊಳ್ಳಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸಿ.

ಸಿಕ್ಕಿಹಾಕಿಕೊಂಡರೆ

ಕೆಸರಿನಲ್ಲಿ ಹೂತರೆ ಬಂಪರಿನ ಕೊಕ್ಕೆಗೆ ಹಗ್ಗ ಕಟ್ಟಿ, ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ, ಜೀಪಿನಲ್ಲಿ ಮೆಲ್ಲಗೆ ಹೊರಗೆ ಎಳೆಸಬಹುದು. ಹತ್ತಿಪ್ಪತ್ತು ಅಡಿ, ನಡಿಗೆಯ ವೇಗ, ಅಷ್ಟೇ. ಕೆಟ್ಟುನಿಂತ ಇ-ಗಾಡಿಯನ್ನು ಹಾಗೆಯೇ ಮೂಡಿಗೆರೆ ತನಕ ಎಳೆಸಬೇಡಿ. ಚಕ್ರ ತಿರುಗಿದಂತೆ ಮೋಟರು ಕರೆಂಟು ಹುಟ್ಟಿಸುತ್ತದೆ, ಒಳಗಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ನಾಲ್ಕೂ ಚಕ್ರ ಮೇಲಿರುವಂತೆ ಫ್ಲಾಟ್‌ಬೆಡ್ ಲಾರಿಯಲ್ಲೇ ಸಾಗಿಸಬೇಕು. ರಸ್ತೆ ಸಹಾಯದ ನಂಬರಿಗೆ ಫೋನ್ ಮಾಡಿದಾಗ ಮೊದಲ ಮಾತೇ "ಇ-ಗಾಡಿ, ಫ್ಲಾಟ್‌ಬೆಡ್ ಬೇಕು" ಅಂತಿರಲಿ. ಇಲ್ಲದಿದ್ದರೆ ಮುಂದಿನ ಚಕ್ರ ಎತ್ತುವ ಕ್ರೇನ್ ಬಂದು ನಿಂತು, ಮತ್ತೆ ಅರ್ಧ ದಿನ ಕಾಯಬೇಕಾಗುತ್ತದೆ.

ಚಾರ್ಜ್ ಖಾಲಿಯಾಗುವ ಲಕ್ಷಣ ಕಂಡರೆ ಸೊನ್ನೆಯ ತನಕ ಕಾಯಬೇಡಿ. 10% ಇರುವಾಗಲೇ ಎಸಿ ಆರಿಸಿ, 40ರ ವೇಗಕ್ಕೆ ಇಳಿದು, ಟ್ರೈಲರನ್ನು ಮೊದಲು ಸಿಗುವ ಪರಿಚಯದ ಅಂಗಳದಲ್ಲೋ ಪೆಟ್ರೋಲ್ ಬಂಕಿನಲ್ಲೋ ಬಿಟ್ಟು ಮುಂದೆ ಹೋಗಿ. ಬರೀ ಟ್ರೈಲರ್ ಕಳಚಿದರೇ ಉಳಿದ ದೂರ ಒಂದೂವರೆ ಪಟ್ಟು ಆಗುತ್ತದೆ. ಆಗಲೂ ಸಾಲದಿದ್ದರೆ ಯಾವುದಾದರೂ ಮನೆಯ ಮುಂದೆ ನಿಲ್ಲಿಸಿ ಕೇಳಿ. ಎರಡು ತಾಸಿನ ಚಾರ್ಜಿಗೆ ಆರು ಯೂನಿಟ್ ಬರುತ್ತದೆ, ಟ್ರೈಲರ್ ಇಲ್ಲದ ಗಾಡಿಗೆ ಅದು ಮೂವತ್ತೈದು ಕಿಲೋಮೀಟರ್. ಮೂಡಿಗೆರೆಯಿಂದ ಬೇಲೂರಿಗೆ ಅಷ್ಟು ಸಾಕು.